ಭಾನುವಾರದ ಆರ್ ಕ್ಲಾಸು: ಪಟ್ಟಿಯಿಂದ ಯಾರನ್ನ ಆರಿಸೋದು, ಯಾರನ್ನ ಬಿಡೋದು



ಎರಡು ವಾರದಿಂದ ಒಂದೇ ಪ್ರಶ್ನೆ ಬರ್ತಾ ಇದೆ. "ಅಕ್ಕ, ಭಾನುವಾರ ಭಾನುವಾರ ಅಂಬೇಡ್ಕರ್ ಭವನದಲ್ಲಿ ಹುಡುಗ್ರನ್ನ ಕೂರಿಸ್ಕೊಂಡು ಕಂಪ್ಯೂಟರಲ್ಲಿ ಅದೇನು ಕಲಿಸ್ತಿದ್ದೀರ, ಟ್ಯಾಲಿನಾ?" ಅಂತ. ಟ್ಯಾಲಿ ಅಲ್ಲ. ಡಿಟಿಪಿನೂ ಅಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಟ್ಟು ಸಾಕಾಗಿದೆ, ಅದಕ್ಕೇ ಇಲ್ಲಿ ಒಂದೇ ಸಲ ಬರೀತಿದ್ದೀನಿ. ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

ಆರ್ ಅಂತ ಒಂದು ಭಾಷೆ ಇದೆ. ಒಂದೇ ಅಕ್ಷರದ ಹೆಸರು. ಅಂಕಿಅಂಶದ ಕೆಲಸಕ್ಕೆ ಅಂತಲೇ ಮಾಡಿದ ಕಂಪ್ಯೂಟರ್ ಭಾಷೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ, ರಾಬರ್ಟ್ ಜೆಂಟಲ್‌ಮನ್ ಅನ್ನೋ ಇಬ್ಬರು ಮೇಷ್ಟ್ರುಗಳು 1990ರ ದಶಕದ ಶುರುವಲ್ಲಿ ತಮ್ಮ ವಿದ್ಯಾರ್ಥಿಗಳಿಗೆ ಪಾಠ ಮಾಡೋಕೆ ಅಂತ ಕಟ್ಟಿದ್ದು. ಇಬ್ಬರ ಹೆಸರೂ ಆರ್ ಅಕ್ಷರದಿಂದಲೇ ಶುರು. ಇಹಾಕ ಮಾವೊರಿ ಮೂಲದವರು, ಅಂದ್ರೆ ಆ ದೇಶದ ಮೂಲನಿವಾಸಿ ಜನ. ಇದನ್ನ ಹೇಳಿದಾಗ ನಮ್ಮ ಹುಡುಗ್ರ ಬೆನ್ನು ಸ್ವಲ್ಪ ನೆಟ್ಟಗಾಯ್ತು. 2000ದ ಫೆಬ್ರವರಿ 29ಕ್ಕೆ ಅದರ ಮೊದಲ ಪೂರ್ಣ ಆವೃತ್ತಿ ಬಂತು. ದುಡ್ಡು ಕೊಡೋ ಹಾಗಿಲ್ಲ, ಲೈಸೆನ್ಸ್ ಕೊಳ್ಳೋ ಹಾಗಿಲ್ಲ, ಯಾರು ಬೇಕಾದ್ರೂ ಇಳಿಸ್ಕೋಬಹುದು, ತೆರೆದು ನೋಡಬಹುದು. ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ. ನಮ್ಮ ಹತ್ರ ಇರೋದು ಮೂರು ಲ್ಯಾಪ್‌ಟಾಪು, ಅದರಲ್ಲಿ ಒಂದಕ್ಕೆ ಬ್ಯಾಟರಿಯೇ ಇಲ್ಲ, ಕರೆಂಟ್ ಹೋದ್ರೆ ಅದೂ ಹೋಗುತ್ತೆ.

ನಮ್ಮ ಜನ ಸ್ವತಂತ್ರ ತಂತ್ರಾಂಶ ಮುಟ್ಟಿದ್ದು ಇದೇ ಮೊದಲೇನಲ್ಲ. ಬೆಂಗಳೂರಿನ ಗುರಪ್ಪನಪಾಳ್ಯದ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ ಬಾಬಾಸಾಹೇಬರ ಹೆಸರಲ್ಲೇ ಒಂದು ಸಮುದಾಯ ಕಂಪ್ಯೂಟರ್ ಕೇಂದ್ರ ನಡೆದಿದೆ, ಸ್ವತಂತ್ರ ತಂತ್ರಾಂಶ ಚಳವಳಿಯ ಗೆಳೆಯರು ಅಲ್ಲಿನ ಮಕ್ಕಳ ಜೊತೆ ಸೇರಿ ನಡೆಸಿದ್ದು. ನಮ್ಮದು ಅಷ್ಟು ದೊಡ್ಡದಲ್ಲ. ಏಳು ಜನ ಬರ್ತಾರೆ. ದೊಡ್ಡಬಳ್ಳಾಪುರದ ಗಾರ್ಮೆಂಟ್ಸಲ್ಲಿ ಚೆಕ್ಕಿಂಗ್ ಕೆಲಸ ಮಾಡೋ ಹುಡುಗಿ, ಟಾಟಾ ಏಸ್ ಓಡಿಸೋ ಹುಡುಗ, ಬಿಕಾಂ ಓದ್ತಿರೋ ಇಬ್ಬರು, ಪೌರಕಾರ್ಮಿಕರೊಬ್ಬರ ಮಗ, ಹೀಗೆ. ನಾನು ಬಿಎ, ಅದೂ ಹಿಸ್ಟರಿ. ಇಪ್ಪತ್ತು ವರ್ಷದಿಂದ ಕ್ಲರ್ಕು. ಪಿಎಚ್‌ಡಿ ಮಾಡ್ತಿದ್ದ ನಮ್ಮ ಹುಡುಗನೊಬ್ಬ ಪೆನ್‌ಡ್ರೈವಲ್ಲಿ ಆರ್ ತಂದುಕೊಟ್ಟು, ಫೋನಲ್ಲೇ ಆರು ತಿಂಗಳು ತಲೆ ತಿಂದುಕೊಂಡು ನಂಗೆ ಕಲಿಸಿದ.

ಎಕ್ಸೆಲ್ ಇರ್ಬೇಕಾದ್ರೆ ಇದ್ಯಾಕೆ ಅಂತ ಕೇಳಿದವರಿಗೆ ನನ್ನ ಉತ್ತರ ಕಚೇರಿಯಿಂದಲೇ ಬರುತ್ತೆ. ಎಕ್ಸೆಲಲ್ಲಿ ಫಿಲ್ಟರ್ ಹಾಕಿದ್ರೆ ಬೇಡದ ಸಾಲುಗಳು ಮಡಚಿಕೊಳ್ತವೆ. ಯಾರು ಹಾಕಿದ್ರು, ಯಾವತ್ತು ಹಾಕಿದ್ರು ಅನ್ನೋದಕ್ಕೆ ಗುರುತಿರಲ್ಲ. ಒಂದು ಕಚೇರಿಯಲ್ಲಿ, ಹೆಸರು ಬೇಡ, ಹೀಗೇ ಯಾರೋ ಹಾಕಿಟ್ಟ ಫಿಲ್ಟರು ತೆಗೀದೇನೇ ಪ್ರಿಂಟ್ ತೆಗೆದು ಸಹಿ ಮಾಡಿ ಕಳಿಸಿದ್ರು. ಮಡಚಿಕೊಂಡಿದ್ದ ಸಾಲಲ್ಲಿದ್ದ ಜನ ಆ ವರ್ಷ ಅರ್ಹರೇ ಅಲ್ಲ ಅಂತಾಯ್ತು. ಕೇಳೋಕೆ ಹೋದ್ರೆ "ಸಿಸ್ಟಮ್ಮಲ್ಲಿ ಇಲ್ಲ" ಅಂದ್ರು. ಆರ್‌ನಲ್ಲಿ ನೀನು ಯಾರನ್ನ ಆರಿಸಿದೆ ಅನ್ನೋದು ಒಂದು ಸಾಲಾಗಿ ಬರ್ದಿರುತ್ತೆ. ನಾಳೆ ಇನ್ನೊಬ್ಬರು ಆ ಸಾಲು ಓದಿ "ಇಲ್ಯಾಕೆ ಎರಡು ಎಕರೆ ಅಂತ ಹಾಕಿದ್ದೀಯ?" ಅಂತ ಕೇಳ್ಬಹುದು. ನಂಗೆ ಬೇಕಾಗಿರೋದು ಆ ಪ್ರಶ್ನೆ.

ಮೊದಲ ದಿನ ಕಂಪ್ಯೂಟರ್ ಮುಟ್ಟಿಸಲೇ ಇಲ್ಲ. ಭವನದಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನ ಸಾಲಾಗಿ ಹಾಕಿ ಎಲ್ಲರನ್ನೂ ಕೂರಿಸಿದೆ. "ಮೂರನೇ ಸಾಲು, ಎರಡನೇ ಕುರ್ಚಿ ಯಾರು?" ಅಂದೆ. ಕೈ ಎತ್ತಿದ್ರು. "ಮೂರನೇ ಸಾಲು ಪೂರ್ತಿ?" ಇಬ್ಬರು ಎತ್ತಿದ್ರು. "ಎಲ್ಲಾ ಸಾಲಿಂದ ಎರಡನೇ ಕುರ್ಚಿ?" ನೆಟ್ಟಗೆ ಹಿಂದಕ್ಕೂ ಮುಂದಕ್ಕೂ ಕೈ ಎದ್ವು. ಆರ್‌ನಲ್ಲಿ ಚೌಕ ಕಂಸದೊಳಗೆ ಬರಿಯೋದು ಇಷ್ಟೇ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕ್ತೀವಿ, ಇಲ್ಲಿ ಓದೋಕೆ ಸುಲಭ ಆಗ್ಲಿ ಅಂತ ಕನ್ನಡದಲ್ಲಿ ಬರೀತೀನಿ:

ಪಟ್ಟಿ[3, 2]
ಪಟ್ಟಿ[3, ]
ಪಟ್ಟಿ[ , 2]

ಕಾಮಾದ ಎಡಕ್ಕೆ ಸಾಲು, ಬಲಕ್ಕೆ ಕಾಲಂ. ಯಾವ ಕಡೆ ಖಾಲಿ ಬಿಟ್ಟಿದ್ದೀಯೋ ಆ ಕಡೆ "ಎಲ್ಲಾ ಬೇಕು" ಅಂತ ಅರ್ಥ. ನಮ್ಮ ರಿಜಿಸ್ಟರಿನ ಥರ ಎಣಿಕೆ ಒಂದರಿಂದ ಶುರು. ಪೈಥಾನ್ ಅಂತ ಇನ್ನೊಂದು ಭಾಷೆ ಇದೆ, ಅದು ಸೊನ್ನೆಯಿಂದ ಎಣಿಸುತ್ತೆ. ನಮ್ಮ ಹುಡುಗ್ರಿಗೆ ಅದರ ಸಹವಾಸ ಸದ್ಯಕ್ಕೆ ಬೇಡ.

ಕಾಮಾ ಮರೆಯೋದು ಎಲ್ಲರಿಗೂ ಬರೋ ಕಾಯಿಲೆ. ಕಾಮಾ ಇಲ್ದೆ ಪಟ್ಟಿ[3] ಅಂದ್ರೆ ಆರ್ ಬೈಯಲ್ಲ, ಸುಮ್ಮನೆ ಮೂರನೇ ಕಾಲಮ್ಮು ಕೊಟ್ಬಿಡುತ್ತೆ. ಒಬ್ಬ ವ್ಯಕ್ತಿಯ ವಿವರ ಕೇಳಿದ್ರೆ ಊರಿನವರ ವಯಸ್ಸೆಲ್ಲ ಸುರಿಯುತ್ತೆ. ಟಾಟಾ ಏಸ್ ಹುಡುಗ "ಅಕ್ಕ, ಇದಕ್ಕಿಂತ ನಮ್ಮ ಆರ್‌ಟಿಓ ಆಫೀಸೇ ವಾಸಿ, ಏನು ತಪ್ಪು ಅಂತ ಹೇಳಿಯಾದ್ರೂ ವಾಪಸ್ ಕಳಿಸ್ತಾರೆ" ಅಂದ. ಇವತ್ತಿಗೂ ಕ್ಲಾಸಲ್ಲಿ ಏನಾದ್ರೂ ಎಡವಟ್ಟಾದ್ರೆ ಮೊದಲು ಕೇಳೋದು "ಕಾಮಾ ಎಲ್ಲಿ ಮಗಾ?" ಅಂತಲೇ.

ಇನ್ನೊಂದಿದೆ, ಮೈನಸ್. ಪಟ್ಟಿ[-3, ] ಅಂದ್ರೆ ಮೂರನೇ ಸಾಲು ಬಿಟ್ಟು ಉಳಿದಿದ್ದೆಲ್ಲ. ಇದನ್ನ ತೋರಿಸಿದಾಗ ಗಾರ್ಮೆಂಟ್ಸ್ ಹುಡುಗಿ "ಒಂದು ಗೀಟು ಎಳೆದ್ರೆ ಮನುಷ್ಯನೇ ಇಲ್ಲ ಅಲ್ವೇನಕ್ಕ" ಅಂದ್ಲು. ಎಲ್ಲರೂ ನಕ್ಕರು. ಈ ಮಾತು ಮುಂದೆ ಬರುತ್ತೆ, ನೆನಪಿಟ್ಕೊಳ್ಳಿ.

ಆಮೇಲೆ ಷರತ್ತು. ಕ್ಲರ್ಕ್ ಕೆಲಸ ಮಾಡಿದವರಿಗೆ ಇದು ಅರಿಯದ್ದಲ್ಲ. ಸಾಲಿನ ನಂಬರ್ ಯಾರಿಗೆ ಗೊತ್ತಿರುತ್ತೆ? ನಮಗೆ ಬೇಕಾಗಿರೋದು "ಎರಡು ಎಕರೆಗಿಂತ ಕಮ್ಮಿ ಇರೋರು". ಕುರ್ಚಿ ಪಾಠಕ್ಕೇ ವಾಪಸ್ ಹೋದೆ. "ಬೂಟು ಹಾಕಿರೋರು ಎದ್ದು ನಿಲ್ಲಿ" ಅಂದೆ. ಎದ್ದವರು ಟ್ರೂ, ಕೂತವರು ಫಾಲ್ಸ್. ಆರ್ ಒಳಗೆ ಮಾಡೋದೂ ಇದನ್ನೇ: ಒಂದೊಂದು ಸಾಲನ್ನೂ ಕೇಳ್ತಾ ಹೋಗುತ್ತೆ, ಹೌದಾ ಅಲ್ವಾ. ಹೌದು ಅಂದೋರನ್ನ ಮಾತ್ರ ಈಚೆಗೆ ಕರೆಯುತ್ತೆ.

ಪಟ್ಟಿ[ಪಟ್ಟಿ$ಎಕರೆ < 2, ]

ಡಾಲರ್ ಗುರುತು ಅಂದ್ರೆ "ಈ ಪಟ್ಟಿಯ ಈ ಕಾಲಮ್ಮು" ಅಂತ. "ರೂಪಾಯಿ ಹಾಕಿದ್ರೆ ಆಗಲ್ವಾ ಅಕ್ಕ?" ಅಂತ ಒಬ್ಬ. ಆಗಲ್ಲ ಕಣಪ್ಪ.

ಇಲ್ಲೇ ಅರ್ಧ ಗಂಟೆ ನಿಂತ್ಬಿಟ್ವಿ. ಎರಡು ಅಂತ ಯಾರು ಹೇಳಿದ್ದು? ಒಂದು ಹೆಕ್ಟೇರಿಗಿಂತ ಕಮ್ಮಿ ಇದ್ರೆ ಅತಿ ಸಣ್ಣ ರೈತ ಅನ್ನೋದು ಸರ್ಕಾರದ ಲೆಕ್ಕ, ಅಂದ್ರೆ ಸುಮಾರು ಎರಡೂವರೆ ಎಕರೆ. ಎರಡು ಅಂತ ಹಾಕಿದ್ರೆ ಎರಡೂಕಾಲು ಎಕರೆಯವನು ಹೊರಗೆ. ಆ ಎರಡೂಕಾಲು ಎಕರೆಗೆ ನೀರಿಲ್ದೇ ಇರಬಹುದು, ಎತ್ತಿಲ್ದೇ ಇರಬಹುದು. ಬಾಬಾಸಾಹೇಬರು 1918ರಲ್ಲೇ ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಒಂದು ಪ್ರಬಂಧ ಬರೆದಿದ್ದಾರೆ. ಆಗ ಅವರಿಗೆ ಇಪ್ಪತ್ತೇಳು ವಯಸ್ಸು. ಬರೀ ಅಳತೆ ನೋಡಿ ಹಿಡುವಳಿ ದೊಡ್ಡದು ಸಣ್ಣದು ಅನ್ನೋದಕ್ಕೆ ಅರ್ಥ ಇಲ್ಲ, ಅದರ ಜೊತೆಗೆ ಬಂಡವಾಳ, ಸಲಕರಣೆ ಎಷ್ಟಿದೆ ಅನ್ನೋದನ್ನ ಸೇರಿಸಿ ನೋಡಬೇಕು ಅನ್ನೋದು ಅವರ ವಾದ. ಬಾಬಾಸಾಹೇಬರ ಫೋಟೋಗೆ ಹಾರ ಹಾಕೋ ನಾವು ಅವರು ಅರ್ಥಶಾಸ್ತ್ರಜ್ಞರು, ಅಂಕಿ ಹಿಡ್ಕೊಂಡು ಜಗಳ ಮಾಡಿದವರು ಅನ್ನೋದನ್ನ ಮಕ್ಕಳಿಗೆ ಹೇಳೋದು ಕಮ್ಮಿ. ಇದು ನನ್ನ ಬಹಳ ಹಳೇ ತಕರಾರು.

ಈಗ ಖಾಲಿ ಜಾಗದ ವಿಷಯ. ನನ್ನ ಪ್ರಕಾರ ಇಡೀ ಕ್ಲಾಸಿನಲ್ಲಿ ಕಲಿಯಲೇಬೇಕಾದ್ದು ಇದೊಂದೇ.

ಪಾಠಕ್ಕೆ ಅಂತ ನಾನೇ ಹನ್ನೆರಡು ಸಾಲಿನ ಒಂದು ಸುಳ್ಳುಪಟ್ಟಿ ಮಾಡಿದ್ದೆ. ಹೆಸರು, ಊರು, ಜಾತಿ, ಎಕರೆ. ಎಕರೆ ಕಾಲಮ್ಮಿನಲ್ಲಿ ಇಬ್ಬರಿಗೆ ಏನೂ ತುಂಬಿರಲಿಲ್ಲ. ಆರ್ ಅದನ್ನ ಎನ್‌ಎ ಅಂತ ತೋರಿಸುತ್ತೆ, ಅಂದ್ರೆ ಮಾಹಿತಿ ಇಲ್ಲ. ಸೊನ್ನೆ ಅಲ್ಲ. ಎನ್‌ಎ ಎರಡಕ್ಕಿಂತ ಕಮ್ಮಿನಾ ಅಂತ ಆರ್ ಅನ್ನ ಕೇಳಿದ್ರೆ ಅದು ಹೌದು ಅನ್ನಲ್ಲ, ಅಲ್ಲ ಅಂತಲೂ ಅನ್ನಲ್ಲ. ಎನ್‌ಎ ಅಂತಲೇ ಉತ್ತರ ಕೊಡುತ್ತೆ. ನಂಗೊತ್ತಿಲ್ಲದ್ದನ್ನ ನಾನ್ಯಾಕೆ ಹೇಳ್ಲಿ ಅನ್ನೋ ಥರ. ಈ ಪ್ರಾಮಾಣಿಕತೆ ನಮ್ಮ ಮನುಷ್ಯರಲ್ಲಿ ಕಮ್ಮಿ. ಕಚೇರಿಗಳಲ್ಲಿ ಖಾಲಿ ಇದ್ದ ಕಡೆ ಸೊನ್ನೆ ತುಂಬಿಬಿಡೋರನ್ನ ನೋಡಿದ್ದೀನಿ, ಖಾಲಿ ಇದ್ರೆ ಸಾಫ್ಟ್‌ವೇರ್ ಮುಂದಕ್ಕೆ ಹೋಗಲ್ಲ ಅಂತ. ಆಗ ಜಮೀನಿರೋನು ಭೂಹೀನ ಆಗ್ತಾನೆ. ಇನ್ನೂ ಕೆಲವು ಕಡೆ ಖಾಲಿ ಇರೋರನ್ನ ಪಟ್ಟಿಯಿಂದಲೇ ಎತ್ತಿಬಿಡ್ತಾರೆ. ಆಗ ಭೂಹೀನನೂ ಹೋಗ್ತಾನೆ. ನಿವೇಶನಕ್ಕೆ, ಭೂ ಒಡೆತನ ಯೋಜನೆಗೆ ಅರ್ಜಿ ಹಾಕಿ ಹತ್ತು ವರ್ಷ ಓಡಾಡಿದವರನ್ನ ಕೇಳಿ, ಅವರಿಗೆ ಈ ಖಾಲಿ ಜಾಗದ ಬೆಲೆ ಗೊತ್ತು.

ಚೌಕ ಕಂಸದಲ್ಲಿ ಎರಡು ಎಕರೆಗಿಂತ ಕಮ್ಮಿ ಇರೋರನ್ನ ಕೇಳಿದಾಗ ಆರು ಜನ ಬಂದ್ರು, ಜೊತೆಗೆ ಎರಡು ದೆವ್ವದ ಸಾಲು ಬಂದ್ವು. ಹೆಸರೂ ಎನ್‌ಎ, ಊರೂ ಎನ್‌ಎ, ಎಲ್ಲಾ ಎನ್‌ಎ. ಹುಡುಗ್ರು ಗಾಬರಿಯಾದ್ರು. ಇದೇ ಕೆಲಸವನ್ನ ಸಬ್‌ಸೆಟ್ ಅಂತಲೋ, ಈಚಿನವರು ಬಳಸೋ ಫಿಲ್ಟರ್ ಅಂತಲೋ ಆಜ್ಞೆ ಕೊಟ್ಟು ಮಾಡಿದ್ರೆ ಆ ದೆವ್ವಗಳು ಬರಲ್ಲ, ಅಚ್ಚುಕಟ್ಟಾಗಿ ಆರೇ ಸಾಲು. ಟೈಪ್ ಮಾಡೋದೂ ಸುಲಭ. ಅದಕ್ಕೇ ಎಲ್ಲರೂ ಈಗ ಫಿಲ್ಟರಿನಿಂದಲೇ ಪಾಠ ಶುರು ಮಾಡ್ತಾರಂತೆ. ನಾನು ಮಾಡಲ್ಲ. ಮೊದಲು ದೆವ್ವ ನೋಡ್ಲಿ. ಇಬ್ಬರ ವಿಷಯ ನಂಗೆ ಗೊತ್ತಿಲ್ಲ ಅಂತ ಕಂಪ್ಯೂಟರು ಕೂಗಿ ಹೇಳ್ತಿದೆ, ಅದನ್ನ ಕೇಳಿಸ್ಕೊಂಡ ಮೇಲೆ ಬೇಕಾದ್ರೆ ಫಿಲ್ಟರ್ ಕಲೀಲಿ.

ಫಿಲ್ಟರಿನಲ್ಲಿ ಎರಡಕ್ಕಿಂತ ಕಮ್ಮಿ ಅಂದಾಗ ಆರು. ಎರಡು ಅಥವಾ ಅದಕ್ಕಿಂತ ಜಾಸ್ತಿ ಅಂದಾಗ ನಾಲ್ಕು. ಪೌರಕಾರ್ಮಿಕರ ಮಗ, ಇನ್ನೂ ಪಿಯುಸಿ, ಬೆರಳಲ್ಲಿ ಕೂಡಿ "ಹತ್ತೇ ಆಯ್ತಲ್ಲಕ್ಕ, ಇನ್ನಿಬ್ಬರು ಎಲ್ಲಿ?" ಅಂದ. ಅವತ್ತಿಂದ ನಮ್ಮ ಕ್ಲಾಸಲ್ಲಿ ಅದೊಂದು ಕಾನೂನು: ಆರಿಸಿದವರು, ಬಿಟ್ಟವರು, ಗೊತ್ತಿಲ್ಲದವರು ಮೂರೂ ಕೂಡಿ ಒಟ್ಟು ಸಾಲಿಗೆ ಸರಿ ಬರಬೇಕು. ಬರದಿದ್ರೆ ಮುಂದಕ್ಕೆ ಹೋಗೋ ಹಾಗಿಲ್ಲ.

ಜಾತಿ ಕಾಲಮ್ಮಿಗೆ ಬಂದಾಗ ಆಟ ಜೋರಾಯ್ತು. ಸುಳ್ಳುಪಟ್ಟಿಯ ಹನ್ನೆರಡರಲ್ಲಿ ಐದು ಜನ ಆದಿ ಕರ್ನಾಟಕ, ಮೂರು ಜನ ಆದಿ ದ್ರಾವಿಡ, ಉಳಿದ ನಾಲ್ವರು ಬೇರೆ ಬೇರೆ. ಎ.ಕೆ., ಎ.ಡಿ. ಇಬ್ಬರನ್ನೂ ಆರಿಸು ಅಂದೆ. ಬಿಕಾಂ ಹುಡುಗ ಜಾತಿ ಕಾಲಮ್ಮಿನ ಮುಂದೆ ಎರಡು ಸಮ ಗುರುತು ಹಾಕಿ, ಎರಡೂ ಹೆಸರನ್ನ ಒಂದು ಕಟ್ಟು ಮಾಡಿ ಕೊಟ್ಟ. ನೋಡೋಕೆ ಸರಿಯಾಗೇ ಇದೆ. ಎಂಟು ಜನ ಬರಬೇಕು. ಬಂದಿದ್ದು ಮೂರು ಜನ. ಬೈಗುಳ ಇಲ್ಲ, ಎಚ್ಚರಿಕೆ ಇಲ್ಲ.

ಆಗಿದ್ದೇನು ಅಂದ್ರೆ, ಸಮ ಗುರುತು ಹಾಕಿದ್ರೆ ಆರ್ ಮೊದಲ ಸಾಲನ್ನ ಎ.ಕೆ. ಜೊತೆ ಹೋಲಿಸುತ್ತೆ, ಎರಡನೇ ಸಾಲನ್ನ ಎ.ಡಿ. ಜೊತೆ, ಮೂರನೇದನ್ನ ಮತ್ತೆ ಎ.ಕೆ. ಜೊತೆ. ಹೀಗೆ ಒಂದು ಬಿಟ್ಟು ಒಂದು. ಬೆಸ ಸಾಲಲ್ಲಿ ಕೂತ ಎ.ಕೆ. ಬಂದ, ಸಮ ಸಾಲಲ್ಲಿ ಕೂತವನು ಹೋದ. ಹದಿಮೂರು ಸಾಲಿದ್ದಿದ್ರೆ ಲೆಕ್ಕ ಸರಿಹೊಂದ್ತಿಲ್ಲ ಅಂತ ಒಂದು ಎಚ್ಚರಿಕೆಯಾದ್ರೂ ಬರ್ತಿತ್ತು. ಹನ್ನೆರಡು ಎರಡರಿಂದ ಭಾಗ ಹೋಗುತ್ತಲ್ಲ, ಅದಕ್ಕೇ ಸುಮ್ಮನಿತ್ತು. ಈ ಕೆಲಸಕ್ಕೆ ಬೇಕಾಗಿರೋದು ಸಮ ಗುರುತಲ್ಲ, ಎರಡು ಶೇಕಡಾ ಗುರುತಿನ ಮಧ್ಯೆ ಬರೆಯೋ ಇನ್ ಅನ್ನೋ ಆಜ್ಞೆ, %ಇನ್% ಅಂತ. ಈ ಗುಂಪಿನಲ್ಲಿ ಯಾರೇ ಇದ್ರೂ ಬಾ ಅಂತ ಅರ್ಥ. ಹಾಕಿದ್ವಿ, ಎಂಟೂ ಜನ ಬಂದ್ರು. ಕೂತ ಜಾಗ ನೋಡಿ ಪಾಲು ಕೊಡೋ ಲೆಕ್ಕ ನಮ್ಮೂರಲ್ಲಿ ನೋಡಿದ್ದು ಸಾಲದು ಅಂತ ಇಲ್ಲೂ ಬಂತಾ ಅಂತ ಯಾರೋ ಗೊಣಗಿದ್ರು.

ಎ.ಕೆ., ಎ.ಡಿ. ಅನ್ನೋದು ಯಾಕೆ ಬೇಕಂತಲೇ ಹಾಕಿದ್ದೆ ಅಂದ್ರೆ ಇದು ಬರೀ ಕಂಪ್ಯೂಟರ್ ಪಾಠ ಅಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಬಂದ ಆದಿ ಕರ್ನಾಟಕ, ಆದಿ ದ್ರಾವಿಡ ಅನ್ನೋವು ಗುಂಪಿನ ಹೆಸರುಗಳು, ಒಂದೊಂದು ಜಾತಿಯ ಹೆಸರಲ್ಲ. ಒಂದು ಜಿಲ್ಲೆಯಲ್ಲಿ ಎ.ಕೆ. ಅಂದ್ರೆ ಹೊಲೆಯರು, ಇನ್ನೊಂದು ಜಿಲ್ಲೆಯಲ್ಲಿ ಎ.ಕೆ. ಅಂದ್ರೆ ಮಾದಿಗರು. 2011ರ ಜನಗಣತಿಯ ಪಟ್ಟಿ ಹಿಡ್ಕೊಂಡು ಆರ್ ಬಿಡಿ, ಇನ್ಯಾವ ಭಾಷೆಯಲ್ಲಿ ಆರಿಸಿದ್ರೂ ಯಾರು ಎಷ್ಟು ಅಂತ ಬೇರೆ ಮಾಡೋಕಾಗಲ್ಲ, ಯಾಕಂದ್ರೆ ಆ ವಿಷಯ ಕಾಲಮ್ಮಿನಲ್ಲೇ ಇಲ್ಲ. 2024ರ ಆಗಸ್ಟ್ 1ಕ್ಕೆ ಸುಪ್ರೀಂ ಕೋರ್ಟು ಒಳಮೀಸಲಾತಿ ಮಾಡಬಹುದು ಅಂದ ಮೇಲೆ, ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಹೊಸದಾಗಿ ಮನೆ ಮನೆ ಸಮೀಕ್ಷೆ ಆಗಲೇಬೇಕು ಅಂದಿದ್ದಕ್ಕೆ ಈ ಗೊಂದಲ ದೊಡ್ಡ ಕಾರಣ. 2025ರ ಮೇ 5ಕ್ಕೆ ಸಮೀಕ್ಷೆ ಶುರುವಾಯ್ತು. ಆಗಸ್ಟ್ 4ಕ್ಕೆ ವರದಿ ಕೊಟ್ಟರು. ಅದರಲ್ಲಿ ಎ.ಕೆ., ಎ.ಡಿ., ಆದಿ ಆಂಧ್ರ ಅಂತಲೇ ಉಳಿದವರಿಗೆ ಒಂದು ಪ್ರತ್ಯೇಕ ಗುಂಪೇ ಇತ್ತು, ಒಟ್ಟು ಐದು ಗುಂಪು. ಸರ್ಕಾರ ಅದನ್ನ ಮೂರು ಮಾಡಿ 6, 6, 5 ಅಂತ ಹಂಚಿತು. ಆ ಹಂಚಿಕೆ ಸರಿನಾ ತಪ್ಪಾ ಅಂತ ಇಲ್ಲಿ ಜಗಳ ಬೇಡ, ನಮ್ಮ ಕ್ಲಾಸಲ್ಲಿ ಎಡಗೈಯವರೂ ಇದ್ದಾರೆ, ಬಲಗೈಯವರೂ ಇದ್ದಾರೆ, ಒಂದೇ ಚಾರ್ಜರಲ್ಲಿ ಕೆಲಸ ನಡೀತಿದೆ. ನಾನು ಅವರಿಗೆ ತೋರಿಸಿದ್ದು ಒಂದೇ: ಮನೆ ಬಾಗಿಲಲ್ಲಿ ನಮ್ಮಮ್ಮ ಹೇಳಿದ ಎರಡಕ್ಷರ ಎಷ್ಟು ದೂರ ಹೋಗುತ್ತೆ ಅಂತ. 2027ರ ಜನಗಣತಿಯಲ್ಲಿ ಜಾತಿಯನ್ನೂ ಬರ್ಕೊಳ್ತಾರೆ. ಈಗಲೇ ಮನೆಗಳಲ್ಲಿ ಮಾತಾಡಿ.

24.1 ಅನ್ನೋ ಸಂಖ್ಯೆ ಎಲ್ಲರ ಬಾಯಲ್ಲೂ ಇದೆ, ಪ್ರತಿಭಟನೆಯ ಬ್ಯಾನರಲ್ಲೂ ಇದೆ. ಎಲ್ಲಿಂದ ಬಂತು ಅಂತ ಕೇಳಿದ್ರೆ ಕ್ಲಾಸಲ್ಲಿ ಯಾರಿಗೂ ಗೊತ್ತಿರಲಿಲ್ಲ. 2011ರಲ್ಲಿ ರಾಜ್ಯದ ಜನ 6,10,95,297. ಪರಿಶಿಷ್ಟ ಜಾತಿ 1,04,74,992, ಪರಿಶಿಷ್ಟ ಪಂಗಡ 42,48,987. ಆರ್‌ನಲ್ಲೇ ಭಾಗಿಸಿದ್ರು: 17.15 ಮತ್ತು 6.95. ಕೂಡಿದ್ರೆ 24.10. ಎಸ್‌ಸಿಎಸ್‌ಪಿ ಟಿಎಸ್‌ಪಿ ಕಾಯ್ದೆ 2013ರಲ್ಲಿ ಬಂತು, ಜನಸಂಖ್ಯೆಗೆ ತಕ್ಕ ಪಾಲು ಅಂತ. ಅದರಲ್ಲಿದ್ದ 7ಡಿ ಅನ್ನೋ ಕಿಂಡಿಯಲ್ಲಿ ದುಡ್ಡು ಬೇರೆ ಕಡೆ ಹರೀತಿತ್ತು. 2023ರಲ್ಲಿ ಆ ಕಿಂಡಿ ಮುಚ್ಚಿದ್ರು, 7ಸಿ ಇನ್ನೂ ಇದೆ. ಈ ಲೆಕ್ಕ ತಾವೇ ಟೈಪ್ ಮಾಡಿ ಉತ್ತರ ಬಂದಾಗ ಬಿಕಾಂ ಹುಡುಗಿ ಫೋನಲ್ಲಿ ಸ್ಕ್ರೀನಿನ ಫೋಟೋ ಹೊಡ್ಕೊಂಡ್ಲು.

ಅಕ್ಷರದ ಕಾಟ ಬೇರೆ. "ಆದಿ ಕರ್ನಾಟಕ", "ಆದಿಕರ್ನಾಟಕ", "ಎ.ಕೆ", "ಎಕೆ" ಇವೆಲ್ಲ ನಮಗೆ ಒಂದೇ, ಆರ್‌ಗೆ ನಾಲ್ಕು ಜಾತಿ. ಕೊನೇಲಿ ಒಂದು ಸ್ಪೇಸ್ ಬಿದ್ದಿದ್ರೆ ಐದನೇದು. ಹಳೇ ಫೈಲುಗಳು ನುಡಿಯಲ್ಲಿ, ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಟೈಪಾಗಿದ್ರೆ ಆರ್‌ಗೆ ಅದು ಕನ್ನಡವೇ ಅಲ್ಲ, ಗೀಚು. ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಯೂನಿಕ್ ಅಂತ ಒಂದು ಆಜ್ಞೆ ಇದೆ, ಒಂದು ಕಾಲಮ್ಮಿನಲ್ಲಿ ಏನೇನು ಥರ ಬರೆದಿದೆ ಅಂತ ಒಂದೊಂದು ಸಲ ಮಾತ್ರ ತೋರಿಸುತ್ತೆ. ಯಾವ ಪಟ್ಟಿ ಸಿಕ್ಕರೂ ಮೊದಲು ಅದನ್ನ ಓಡಿಸಿ ಅಂತ ಹೇಳ್ಕೊಟ್ಟಿದ್ದೀನಿ.

ಇಷ್ಟು ಕಲಿತ ಮೇಲೆ ನಿಜವಾದ ಪಟ್ಟಿಗೆ ಕೈ ಹಾಕಿದ್ವಿ. ಒಂದು ಯೋಜನೆಯ ಫಲಾನುಭವಿಗಳ ಪಟ್ಟಿ, ಮಾಹಿತಿ ಹಕ್ಕಿನಲ್ಲಿ ತಂದಿದ್ದು. ಯಾವ ಯೋಜನೆ, ಯಾವ ಕಚೇರಿ ಅಂತ ಬರೆಯಲ್ಲ, ವಿಷಯ ಇನ್ನೂ ನಡೀತಿದೆ. ಕೊಟ್ಟಿದ್ದು ಜೆರಾಕ್ಸ್ ಹಾಳೆ, ಅಲ್ಲಲ್ಲಿ ಮಸಿ. ಎರಡು ಭಾನುವಾರ ಹುಡುಗ್ರೇ ಸರದಿ ಮೇಲೆ ಟೈಪ್ ಮಾಡಿದ್ರು, ಒಬ್ಬರು ಓದೋದು, ಒಬ್ಬರು ಹೊಡೆಯೋದು.

ಗಾರ್ಮೆಂಟ್ಸ್ ಹುಡುಗಿ ತನ್ನ ಊರನ್ನ ಆರಿಸಿದ್ಲು. ಬಂದಿದ್ದು ಸೊನ್ನೆ ಸಾಲು. "ನೋಡಿದ್ರಾ, ನಮ್ಮೂರಿಗೆ ಏನೂ ಕೊಟ್ಟಿಲ್ಲ, ನಾಳೆನೇ ಹೋಗಿ ಕೂತ್ಕೊಳ್ಳೋಣ" ಅಂತ ಟಾಟಾ ಏಸ್ ಹುಡುಗ ಎದ್ದೇಬಿಟ್ಟ. ಕೂತ್ಕೋ ಮಗಾ, ಮೊದಲು ಯೂನಿಕ್ ಹೊಡಿ ಅಂದೆ. ಸೊನ್ನೆ ಬಂದಾಗ ನಾವು ಕೇಳಿದ ರೀತಿ ಸರಿ ಇದೆಯಾ ಅಂತ ಮೊದಲು ನೋಡ್ಕೋಬೇಕು. ಹಾಗೆ ನೋಡದೇ ಹೋಗಿ ಗಲಾಟೆ ಮಾಡಿದ್ರೆ ಅವರು ಒಂದು ಹೆಸರು ತೋರಿಸಿದ್ರೂ ಸಾಕು, ಮುಂದಿನ ಹತ್ತು ಸಲ ನಮ್ಮ ಮಾತಿಗೆ ಕಿಮ್ಮತ್ತಿರಲ್ಲ. ನೋಡಿದ್ರೆ ಊರಿನ ಹೆಸರು ಮೂರು ಥರ ಇತ್ತು, ಮೂರೂ ನಾವು ಬರೆಯೋ ಥರ ಅಲ್ಲ. ಮೂರನ್ನೂ ಗುಂಪು ಮಾಡಿ %ಇನ್% ಹಾಕಿದ್ಲು. ಹನ್ನೊಂದು ಸಾಲು ಬಂತು.

ಹುಡುಗಿ ಒಂದೊಂದೇ ಹೆಸರು ಓದ್ತಾ ಹೋದ್ಲು. ಓದ್ತಾ ಓದ್ತಾ ದನಿ ಸಣ್ಣ ಆಯ್ತು. ಹನ್ನೊಂದರಲ್ಲಿ ಆರು ಜನ ಎರಡೇ ಮನೆಯವರು. ಇಬ್ಬರನ್ನ ಆ ಕಾಲೋನಿಯಲ್ಲಿ ಯಾರೂ ಕಂಡಿಲ್ಲ. ಗುಡಿಸಲಲ್ಲಿರೋ ವಿಧವೆಯರು ಮೂವರಿದ್ದಾರೆ, ವರ್ಷ ವರ್ಷ ಅರ್ಜಿ ಹಾಕಿದ್ದಾರೆ, ಒಬ್ಬರ ಹೆಸರೂ ಇಲ್ಲ. ಆ ಎರಡು ಮನೆಗಳಲ್ಲಿ ಒಂದು ಅವಳ ದೊಡ್ಡಪ್ಪಂದೇ.

ಮೇಲ್ಜಾತಿಯವರ ಹೆಸರು ಬಂದಿದ್ರೆ ಎಲ್ಲರಿಗೂ ಸುಲಭ ಆಗ್ತಿತ್ತು. ಇದು ನಮ್ಮೋರೇ, ನಮ್ಮ ವೇದಿಕೆಯಲ್ಲೇ ಕೂರೋರು, ನಮ್ಮ ಹೆಸರಲ್ಲೇ ಕಚೇರಿ ಕಚೇರಿ ಸುತ್ತೋರು. ಅವರನ್ನ ಹಾಗೆ ಬೆಳೆಸಿದ ಕಚೇರಿಯೂ ಇದೆ, ಪಟ್ಟಿಗೆ ಸಹಿ ಹಾಕಿದವರು ನಮ್ಮೋರಲ್ಲ ಅನ್ನೋದೂ ನಿಜ. ಆದ್ರೂ ಆ ಮೂವರು ವಿಧವೆಯರಿಗೆ ಅದರಿಂದ ಏನಾಗಬೇಕು?

ಹುಡುಗಿ ತುಂಬಾ ಹೊತ್ತು ಸ್ಕ್ರೀನ್ ನೋಡ್ತಾ ಕೂತಿದ್ಲು. ಆಮೇಲೆ ಮೆಲ್ಲಗೆ, "ಅಕ್ಕ, ಈ ಮೂರು ಸಾಲಿಗೆ ಮೈನಸ್ ಹಾಕಿ ಪ್ರಿಂಟ್ ತೆಗೀಲಾ?" ಅಂದ್ಲು. ದೊಡ್ಡಪ್ಪನ ಮನೆಯ ಮೂರು ಸಾಲು. ಅವರಪ್ಪ ತೀರಿಕೊಂಡ ಮೇಲೆ ಇವಳನ್ನ ಓದಿಸಿದ್ದು ಆ ದೊಡ್ಡಪ್ಪನೇ, ಇದು ನಮಗೆಲ್ಲ ಗೊತ್ತು. ಯಾರೂ ಮಾತಾಡಲಿಲ್ಲ. ನಾನೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಟೀ ತರಿಸಿದೆ. ಟೀ ಬರೋಷ್ಟರಲ್ಲಿ ಅವಳೇ ಮೈನಸ್ ಹಾಕಿ ಒಂದು ಸಲ ಎಂಟು ಸಾಲಿನ ಪಟ್ಟಿ ನೋಡಿದ್ಲು. ಆಮೇಲೆ ಪೌರಕಾರ್ಮಿಕರ ಮಗನ ಕಡೆ ತಿರುಗಿ "ಒಟ್ಟು ಸರಿ ಬರಲ್ಲ ಅಲ್ವೇನೋ" ಅಂದ್ಲು. ಅಳಿಸಿ, ಹನ್ನೊಂದೂ ಸಾಲು ಉಳಿಸಿ ಸೇವ್ ಮಾಡಿದ್ಲು. ಇದನ್ನ ಅವಳಿಗೆ ಓದಿಸಿ, ಬರೀರಿ ಅಕ್ಕ ಅಂದ ಮೇಲೆಯೇ ಇಲ್ಲಿ ಹಾಕ್ತಿದ್ದೀನಿ. ದೊಡ್ಡಪ್ಪನ ಹತ್ರ ತಾನೇ ಮಾತಾಡ್ತೀನಿ ಅಂದಿದ್ದಾಳೆ. ಮಾತಾಡಿದ್ಲೋ ಇಲ್ವೋ ನಾನು ಕೇಳಿಲ್ಲ.

ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣದ 13 ಹಳ್ಳಿಯವರು 1,777 ಎಕರೆಗೆ ಮೂರು ವರ್ಷಕ್ಕೂ ಮೇಲೆ ಕೂತಿದ್ದನ್ನ ನೀವೆಲ್ಲ ನೋಡಿದ್ದೀರ. 2025ರ ಜುಲೈ 15ಕ್ಕೆ ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಟ್ಟೆವು ಅಂದರು. ಬೀದಿಯಲ್ಲಿ ಕೂರೋದಕ್ಕೆ ಬದಲಾಗಿ ಲ್ಯಾಪ್‌ಟಾಪ್ ಮುಂದೆ ಕೂರಿ ಅಂತ ನಾನು ಹೇಳ್ತಿಲ್ಲ. ಆದ್ರೆ ಭೂಮಿ ಹೋಗೋದೂ ಒಂದು ಪಟ್ಟಿಯಿಂದಲೇ ಶುರುವಾಗುತ್ತೆ, ಯಾವ ಸರ್ವೆ ನಂಬರ್ ಒಳಗೆ, ಯಾವುದು ಹೊರಗೆ ಅಂತ. ಪಿಟಿಸಿಎಲ್ ಜಮೀನಿನ ಕೇಸು ನಡೆಸ್ತಿರೋರಿಗೆ ಇದನ್ನ ನಾನು ಹೇಳಿಕೊಡಬೇಕಾಗಿಲ್ಲ.

ಮಾಹಿತಿ ಹಕ್ಕಿನ ಅರ್ಜಿ ಹಾಕೋರಿಗೆ ಒಂದು ಮಾತು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರೋ ಹಾಗಿಲ್ಲ. ಅಷ್ಟರಲ್ಲೇ "ಮಾಹಿತಿಯನ್ನು ಎಲೆಕ್ಟ್ರಾನಿಕ್ ರೂಪದಲ್ಲಿ, ಎಕ್ಸೆಲ್ ಕಡತವಾಗಿ ನೀಡಿ" ಅಂತ ಒಂದು ಸಾಲು ಸೇರಿಸಿ. ಕಂಪ್ಯೂಟರಲ್ಲಿ ಇರೋ ಮಾಹಿತಿಯನ್ನ ಹಾಗೆ ಪಡೆಯೋ ಹಕ್ಕು 2005ರ ಕಾಯ್ದೆಯ 2(ಜೆ)ಯಲ್ಲೇ ಇದೆ, ಕೇಳಿದ ರೂಪದಲ್ಲೇ ಸಾಮಾನ್ಯವಾಗಿ ಕೊಡಬೇಕು ಅಂತ 7(9) ಹೇಳುತ್ತೆ. ಜೆರಾಕ್ಸ್ ಕೊಟ್ಟು ಕಳಿಸಿದ್ರೆ ಮೊದಲ ಮೇಲ್ಮನವಿ ಹಾಕಿ, ಉತ್ತರ ಬಂದ 30 ದಿನದೊಳಗೆ. ನಾವು ಹಾಕಿರೋ ಎರಡನೇ ಅರ್ಜಿಯಲ್ಲಿ ಕೇಳಿರೋದು ಆ ಹನ್ನೊಂದು ಜನರ ಆಯ್ಕೆ ನಡೆದ ಸಭೆಯ ನಡಾವಳಿ. ಉತ್ತರ ಬಂದಿಲ್ಲ, ದಿನ ಎಣಿಸ್ತಿದ್ದೀವಿ.

ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕ್ಲಾಸು ಇದೆ. ಎರಡು ಷರತ್ತನ್ನ ಒಟ್ಟಿಗೆ ಹಾಕೋದು ಹೇಗೆ, "ಮತ್ತು" ಹಾಗೂ "ಅಥವಾ" ಅನ್ನೋದು ಪಾಠ. ಹೊಸದಾಗಿ ಬರೋರು ಬನ್ನಿ, ಎಸ್ಸೆಸ್ಸೆಲ್ಸಿ ಆಗಿದ್ರೆ ಸಾಕು, ಆಗದಿದ್ರೂ ಬನ್ನಿ. ಮನೆಯಲ್ಲಿ ಮೂಲೆಗೆ ಹಾಕಿರೋ ಹಳೇ ಲ್ಯಾಪ್‌ಟಾಪ್ ಇದ್ರೆ ತಂದುಕೊಡಿ, ಬ್ಯಾಟರಿ ಸತ್ತಿದ್ರೂ ಪರವಾಗಿಲ್ಲ. ಎಕ್ಸ್‌ಟೆನ್ಷನ್ ಬೋರ್ಡು ಒಂದು ಬೇಕು, ಉದ್ದ ವೈರಿಂದು.